ಮರಿಲಿಂಗಮ್ಮನ ತಕರಾರು

ಮರಿಲಿಂಗಮ್ಮನನ್ನು ನಾನು ಮೊದಲ ಸಲ ನೋಡಿದ್ದು 1978ರ ಬೇಸಿಗೆಯಲ್ಲಿ, ಶಹಾಪುರದಲ್ಲಿ. ಕೃಷ್ಣೆಯ ಕಾಲುವೆಗೆ ಬೇಕಾದ ಜಮೀನು ಹಿಡಿಯಲು ಅಲ್ಲೊಂದು ತಾತ್ಕಾಲಿಕ ಕಚೇರಿ ತೆರೆದಿದ್ದರು. ಬಾಡಿಗೆ ಮನೆ. ಅಡುಗೆ ಕೋಣೆಯಲ್ಲಿ ನಕಾಶೆಗಳು, ಪಡಸಾಲೆಯಲ್ಲಿ ನಾವು ಮೂವರು ಗುಮಾಸ್ತರು, ಒಳಕೋಣೆಯಲ್ಲಿ ಸಾಹೇಬರು. ನನ್ನ ಹೆಸರು ಬಸವಂತ್ರಾಯ. ಸುರಪುರಕ್ಕೆ ಹತ್ತಿಕೊಂಡಿರುವ ರಂಗಂಪೇಟೆಯವನು. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ.

ಮಧ್ಯಾಹ್ನದ ಊಟದ ಹೊತ್ತು. ಉಳಿದವರು ಹೊರಗೆ ಹೋಗಿದ್ದರು. ಮೂವತ್ತೈದರ ಆಚೀಚೆಯ ಹೆಂಗಸೊಬ್ಬಳು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಆಕೆಯ ಹಿಂದೆ ಗಂಡ, ಎತ್ತರದ ಆಳು, ತಲೆಗೆ ರುಮಾಲು.

"ತಕರಾರು ಅರ್ಜಿ ಅದ್ರಿ," ಎಂದು ನಾಲ್ಕು ಮಡಿಕೆಯ ಹಾಳೆಯನ್ನು ಮೇಜಿನ ಮೇಲಿಟ್ಟಳು.

ಊರ ಶಾಲೆಯ ಮಾಸ್ತರು ಬರೆದುಕೊಟ್ಟದ್ದು. ಗುಡ್ಡದಾಳ ಗ್ರಾಮದಲ್ಲಿ ತಮ್ಮದು ಮೂರು ಎಕರೆ ಹೊಲ, ಹೊಲದಲ್ಲಿ ಒಂದು ಬಾವಿ. ಉಪಕಾಲುವೆಗೆ ನೆಟ್ಟ ಗುರುತಿನ ಕಲ್ಲುಗಳು ಸರಿಯಾಗಿ ಬಾವಿಯ ಮೇಲೆ ಹಾಯುತ್ತವೆ. ಪೂರ್ವಕ್ಕೆ ನಲವತ್ತು ಹೆಜ್ಜೆಯಾಚೆ ಸರ್ಕಾರದ ಪಡಾ, ಯಾರೂ ಉಳದ ಜಮೀನು, ಬಿದ್ದಿದೆ. ಕಾಲುವೆಯನ್ನು ಅಷ್ಟು ಸರಿಸಿದರೆ ಬಾವಿ ಉಳಿಯುತ್ತದೆ. ಕಾಲುವೆ ಬೇಡವೆಂದು ನಾವು ಹೇಳುವುದಿಲ್ಲ. ಇಷ್ಟೇ ಇದ್ದದ್ದು. ಆ ಕಚೇರಿಯಲ್ಲಿ ಅಷ್ಟು ಚಿಕ್ಕ ಅರ್ಜಿಯನ್ನು ನಾನು ಮತ್ತೆ ಓದಲಿಲ್ಲ.

"ಇದನ್ನ ತಗೊಳ್ಳಾಕ ಬರಂಗಿಲ್ಲವ್ವಾ," ಎಂದೆ.

"ಯಾಕ್ರಿ?"

ಯಾಕೆಂದರೆ ಹದಿನೈದು ದಿನದ ಹಿಂದೆ ಮೇಲಿನಿಂದ ಒಂದು ಅಧಿಸೂಚನೆ ಬಂದಿತ್ತು. ಕಾಯ್ದೆಯ ಪ್ರಕಾರ ಯಾರ ಜಮೀನು ಹಿಡಿಯಬೇಕೋ ಅವರಿಗೆ ನೋಟಿಸು ಕೊಡಬೇಕು, ಮೂವತ್ತು ದಿನ ಕಾಯಬೇಕು, ತಕರಾರಿದ್ದವರನ್ನು ಕೂಡಿಸಿ ಕೇಳಬೇಕು. ತೀರಾ ತುರ್ತು ಇದ್ದಲ್ಲಿ ಮಾತ್ರ, ಆಯಾ ಜಮೀನನ್ನು ನೋಡಿ ಕಾರಣ ಬರೆದು, ಕೇಳುವುದನ್ನು ಬಿಡಬಹುದು. ನೋಟಿಸಿನ ನಮೂನೆ, ದಿನದ ಲೆಕ್ಕ ಮುಂತಾದವಕ್ಕೆ ನಿಯಮ ಮಾಡುವ ಅಧಿಕಾರವನ್ನು ಅದೇ ಕಾಯ್ದೆ ಇಲಾಖೆಗೆ ಕೊಟ್ಟಿತ್ತು. ಆ ಅಧಿಕಾರವನ್ನು ಹಿಡಿದುಕೊಂಡು ಇಲಾಖೆ ಹೊಸ ನಿಯಮವೊಂದನ್ನು ಮಾಡಿತು: ಕಾಲುವೆಗೆ ಹಿಡಿಯುವ ಯಾವ ಜಮೀನಿಗೂ ತಕರಾರು ಕೇಳುವ ಕಲಮು ಇನ್ನು ಅನ್ವಯಿಸುವುದಿಲ್ಲ. ಒಂದೂವರೆ ಸಾಲು. ಅದನ್ನು ಸ್ಟೆನ್ಸಿಲ್ ಮೇಲೆ ಟೈಪು ಮಾಡಿ, ಸೈಕ್ಲೋಸ್ಟೈಲ್ ಯಂತ್ರದ ಹಿಡಿಕೆ ತಿರುವಿ ಊರೂರಿಗೆ ಕಳಿಸುವ ಪ್ರತಿ ತೆಗೆದವನು ನಾನೇ. ಟೈಪು ಮಾಡುವಾಗ ನನಗೆ ಏನೂ ಅನ್ನಿಸಿರಲಿಲ್ಲ. ಕೆಲಸ ಹಗುರಾಯಿತು ಎಂದುಕೊಂಡಿದ್ದೆ.

ಆಕೆಗೆ ಇದನ್ನೆಲ್ಲ ಹೇಳಲಿಲ್ಲ. "ಹುಕುಂ ಆಗ್ಯಾದ. ಯಾರ ತಕರಾರೂ ಕೇಳಂಗಿಲ್ಲ," ಎಂದೆ.

ಗಂಡ ಅವಳ ತೋಳು ಮುಟ್ಟಿ, "ನಡಿ ಹೋಗೂಣು," ಎಂದ. ಆಕೆ ಕದಲಲಿಲ್ಲ.

"ಕೇಳಬ್ಯಾಡ್ರಿ. ತಗೊಂಡು ಇಟ್ಕೋರಿ. ತಂದು ಕೊಟ್ಟಾಳ ಅಂತ ಈ ನಕಲಿನ ಹಾಳಿ ಮ್ಯಾಲ ಶಿಕ್ಕಾ ಒತ್ತಿ ಕೊಡ್ರಿ. ಅಷ್ಟಂತೂ ಮಾಡಾಕ ಬರ್ತದಲ್ರಿ?"

ಬರುವುದಿಲ್ಲ ಎಂದು ನಾಲ್ಕು ಸಲ ಹೇಳಿದೆ. ಆಕೆ ಗೋಡೆಗೊರಗಿ ನಿಂತುಬಿಟ್ಟಳು. ಸಾಹೇಬರು ಬರುವ ಹೊತ್ತಾಗುತ್ತಿತ್ತು. ಕರುಣೆ ಬಂದು ಮಾಡಿದೆ ಎಂದರೆ ಸುಳ್ಳಾಗುತ್ತದೆ, ಹೋದರೆ ಸಾಕಾಗಿತ್ತು. ಆವಕದ ಶಿಕ್ಕಾ ಒತ್ತಿ, ತಾರೀಖು ಹಾಕಿ, ಸಣ್ಣ ರುಜು ಮಾಡಿಕೊಟ್ಟೆ. ಆ ಹಾಳೆಯನ್ನು ಆಕೆ ಕುಪ್ಪಸದೊಳಗೆ ಸೇರಿಸಿಕೊಂಡು ಹೋದಳು.

ಒಂದು ಬಾವಿಗಾಗಿ ಇಷ್ಟು ಹಟವೇಕೆ ಎಂಬುದು ನನಗೆ ತಿಳಿದದ್ದು ಆಮೇಲೆ.

ಗುಡ್ಡದಾಳದಲ್ಲಿ ಕೇರಿಯ ಜನ ಊರ ಬಾವಿಯನ್ನು ಮುಟ್ಟುವಂತಿರಲಿಲ್ಲ. ಕೊಡ ಕೆಳಗಿಟ್ಟು ದೂರ ನಿಲ್ಲಬೇಕು. ಯಾರಾದರೂ ಮನಸ್ಸು ಮಾಡಿ ಮೇಲಿಂದ ಸುರಿದರೆ ನೀರು, ಇಲ್ಲದಿದ್ದರೆ ಬಿಸಿಲು. ಮರಿಲಿಂಗಮ್ಮ ಮದುವೆಯಾಗಿ ಬಂದ ವರ್ಷ ಹೀಗೆ ಅರ್ಧ ದಿನ ನಿಂತು ಬರಿಗೊಡ ಹೊತ್ತು ಬಂದಿದ್ದಳಂತೆ. ಗಂಡ ದ್ಯಾವಪ್ಪ ವಾಡಿಯ ಕಡೆ ಕಲ್ಲಿನ ಖಣಿಯಲ್ಲಿ ದುಡಿದವನು. ಅಲ್ಲಿಯೇ ಬಾಬಾಸಾಹೇಬರ ವಿಚಾರ ಕೇಳಿ ಬೌದ್ಧನಾಗಿದ್ದ. ಕಲ್ಲಿನ ನಾಡಿ ಅವನಿಗೆ ಗೊತ್ತಿತ್ತು. ಹೊಲದಲ್ಲಿ ಜಾಗ ಹಿಡಿದು ಹಾರೆ ಹಾಕಿದ. ಬೇಸಿಗೆ ಬಂತೆಂದರೆ ಗಂಡ ಅಗೆಯುವುದು, ಹೆಂಡತಿ ಬುಟ್ಟಿಯಲ್ಲಿ ಮಣ್ಣು ಹೊರುವುದು. ಆರು ಬೇಸಿಗೆ ಹಾಗೆ ಹೋದವು. ಆರನೆಯದರಲ್ಲಿ ಹದಿನೆಂಟು ಮೊಳದ ಕೆಳಗೆ, ಬಂಡೆಯ ಸೀಳಿನಲ್ಲಿ ಜಲ ಬಂತು. ಸುತ್ತ ಕಲ್ಲು ಕಟ್ಟಿ, ಒಳಗೆ ಇಳಿಯಲು ಮೆಟ್ಟಿಲು ಮಾಡಿದ.

ಅಂದಿನಿಂದ ಕೇರಿಯ ಹನ್ನೊಂದು ಮನೆಯವರು ಅಲ್ಲಿಗೇ ಬರುತ್ತಿದ್ದರು. ಮರಿಲಿಂಗಮ್ಮನ ಮಗಳು ಮೋನಮ್ಮ ಬಾವಿ ಆದ ಮೇಲೆ ಹುಟ್ಟಿದವಳು. ನೀರಿಗಾಗಿ ಇನ್ನೊಬ್ಬರ ಮುಖ ನೋಡುವುದು ಹೇಗಿರುತ್ತದೆಂದು ಆ ಹುಡುಗಿಗೆ ಗೊತ್ತೇ ಇರಲಿಲ್ಲ.

ಶಿಕ್ಕಾ ಬಿದ್ದ ಹಾಳೆಯನ್ನು ಹಿಡಿದು ಮರಿಲಿಂಗಮ್ಮ ಸುರಪುರದ ಬಾಷುಮಿಯಾ ವಕೀಲರ ಮನೆಗೆ ಹೋದಳು. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ವಕೀಲಿ ಕಲಿತು, ಆಮೇಲೆ ಇಂಗ್ಲಿಷು, ಕನ್ನಡ ರೂಢಿಸಿಕೊಂಡ ಹಿರಿಯರು. ಅವರು ಅರ್ಜಿಯನ್ನೂ ಅಧಿಸೂಚನೆಯ ಪ್ರತಿಯನ್ನೂ ಎರಡೆರಡು ಸಲ ಓದಿದರಂತೆ.

"ಮರಿಲಿಂಗವ್ವಾ, ಸರ್ಕಾರಕ್ಕ ಜಮೀನು ಹಿಡಿಯೋ ಹಕ್ಕದ. ಅದನ್ನ ನಾವು ಅಲ್ಲ ಅನ್ನಾಕ ಬರಂಗಿಲ್ಲ," ಎಂದರು. "ಖರೆ ಇಲ್ಲಿ ಬ್ಯಾರೆ ಮಾತದ. ಕಾನೂನು ಮಾಡೋದು ಯಾರ ಕೆಲಸ? ನಾವೆಲ್ಲಾ ಓಟು ಹಾಕಿ ಕಳಿಸಿದ ವಿಧಾನಸಭಾದ್ದು. ಸಣ್ಣಪುಟ್ಟದ್ದು ನೀವು ನೋಡ್ಕೋರಿ ಅಂತ ಆ ಸಭಾ ಇಲಾಖೆಗೆ ಬಿಟ್ಟದ. ಇವರು ಏನ ಮಾಡ್ಯಾರ? ಸಣ್ಣಪುಟ್ಟದ್ದು ಬರಿಯಾಕ ಕೊಟ್ಟ ಪೆನ್ನೀಲೆ ಕಾನೂನಿನ ಒಂದು ಕಲಮೇ ಹೊಡದು ಹಾಕ್ಯಾರ."

ಮರಿಲಿಂಗಮ್ಮ ಕೇಳಿದಳು: "ಅಂದ್ರ, ಹೊಲಾ ಪಾಲಿಗೆ ಮಾಡಾಕ ಕೊಟ್ರ ಬದುವ ಕಿತ್ತಿ ಒಗದಂಗ ಆತೇನ್ರಿ?"

"ಅದಾ! ಅದನ್ನೇ ನಾ ಇಂಗ್ಲಿಷಿನಾಗ ಹತ್ತು ಪುಟ ಬರೀಬೇಕು."

"ಮತ್ತ ಆ ಸಭಾದವರೇ, ನೀವು ಏನರ ಮಾಡ್ಕೋರಿ ಅಂತ ಪೂರಾ ಬಿಟ್ಟುಕೊಟ್ರ?"

"ಅದೂ ಬರಂಗಿಲ್ಲ. ಯಾರ ಮಾತು ಕೇಳಬೇಕು, ಯಾರದು ಕೇಳಬಾರದು ಅಂಬೋ ಮೂಲ ಮಾತು ಸಭಾನೇ ಠರಾಸಬೇಕು. ತನ್ನ ಕೆಲಸ ಪೂರಾ ಇನ್ನೊಬ್ಬರಿಗೆ ಒಪ್ಪಿಸಿ ಕೈ ತೊಳ್ಕೊಳ್ಳಾಕ ಅದಕ್ಕೂ ಹಕ್ಕಿಲ್ಲ."

ಬೆಂಗಳೂರಿನ ಕೋರ್ಟಿನಲ್ಲಿ ಕೇಸು ಬಿತ್ತು. ಅಲ್ಲಿನ ಸ್ನೇಹಿತ ವಕೀಲರೊಬ್ಬರನ್ನು ಬಾಷುಮಿಯಾ ಅವರೇ ಗೊತ್ತು ಮಾಡಿದರು. ತಾವು ಆಕೆಯಿಂದ ಫೀ ಏನೂ ತೆಗೆದುಕೊಳ್ಳಲಿಲ್ಲ. ಆದರೆ ತೀರ್ಪಾಗುವವರೆಗೆ ಕೆಲಸ ನಿಲ್ಲಿಸಿರೆಂಬ ಕೋರಿಕೆಯನ್ನು ಕೋರ್ಟು ಒಪ್ಪಲಿಲ್ಲ. ನೂರಾರು ಊರಿಗೆ ನೀರು ಹೋಗುವ ಕಾಲುವೆಯನ್ನು ಒಬ್ಬರ ಸಲುವಾಗಿ ನಿಲ್ಲಿಸಲಾಗದು ಎಂದಿತು.

ಮುಂದಿನ ಜನವರಿಯಲ್ಲಿ ಯಂತ್ರಗಳು ಬಂದವು. ನಕಾಶೆ ಹೊತ್ತುಕೊಂಡು ಸಾಹೇಬರ ಜೊತೆ ನಾನೂ ಹೋಗಬೇಕಾಯಿತು.

ಕೇರಿಯ ಹೆಂಗಸರು ಬೆಳಗಿನಿಂದ ನೀರು ಸೇದುತ್ತಲೇ ಇದ್ದರು. ಕೊಡ, ಗಡಿಗೆ, ಬೋಗುಣಿ, ಕೊನೆಗೆ ರೊಟ್ಟಿ ಇಡುವ ಡಬ್ಬಿಯಲ್ಲೂ ತುಂಬಿಕೊಂಡರು. ಡ್ರೈವರು ಖಾಜಾಮಿಯಾ ಎಂಬವನು ಯಂತ್ರ ಬಂದ್ ಮಾಡಿ ಕೂತಿದ್ದ. "ಅವರು ತುಂಬ್ಕೊಳ್ಳಲಿ ತಡೀರಿ ಸಾಬ್," ಎಂದು ಸಾಹೇಬರಿಗೆ ಹೇಳಿದ. ಸಾಹೇಬರು ಗಡಿಯಾರ ನೋಡಿಕೊಂಡು ಬದುವಿನ ಮೇಲೆ ಕೂತರು.

ದ್ಯಾವಪ್ಪ ಬಾವಿಯೊಳಗೆ ಇಳಿದಿದ್ದ. ಎಷ್ಟು ಕರೆದರೂ ಮೇಲೆ ಬರಲಿಲ್ಲ. ಕೊನೆಗೆ ಮರಿಲಿಂಗಮ್ಮ ಮೆಟ್ಟಿಲಿಳಿದು ಹೋದಳು. ಒಳಗೆ ಏನು ಮಾತಾಯಿತೋ ಗೊತ್ತಿಲ್ಲ. ಇಬ್ಬರೂ ಮೇಲೆ ಬಂದಾಗ ಅವನ ಅಂಗಿ ಎದೆಯವರೆಗೆ ತೊಯ್ದಿತ್ತು. ಯಾರ ಕಡೆಯೂ ನೋಡದೆ ಹೊಲ ದಾಟಿ ಮನೆಗೆ ನಡೆದುಬಿಟ್ಟ. ಆಕೆ ಮಾತ್ರ ನಿಂತು ನೋಡಿದಳು. ಮೊದಲು ಕಟ್ಟೆಯ ಕಲ್ಲು, ಆಮೇಲೆ ಮೊರಂ ಮಣ್ಣು. ಆರು ಬೇಸಿಗೆಯ ಕೆಲಸ ಮುಚ್ಚಲು ಒಂದೂವರೆ ತಾಸು ಸಾಕಾಯಿತು.

ಹೊರಡುವಾಗ ಆಕೆ ನನ್ನನ್ನು ಗುರುತು ಹಿಡಿದಳು. ಬೈಯಬಹುದೆಂದು ತಲೆ ತಗ್ಗಿಸಿದೆ. "ಸಾಹೇಬ್ರ, ನೀವು ಕೊಟ್ಟ ಶಿಕ್ಕಾದ ಹಾಳಿ ಜ್ವಾಕಿ ಇಟ್ಟೀನ್ರಿ," ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ನಾಲ್ಕನೆಯ ದಿನ ತುಂಬಿಟ್ಟ ನೀರು ಮುಗಿಯಿತು. ಮರಿಲಿಂಗಮ್ಮ ಕೂಲಿಗೆ ಹೋಗಿದ್ದಳು; ಮೋನಮ್ಮ ತಾನೇ ಕೊಡ ಹೊತ್ತು ಊರ ಬಾವಿಗೆ ಹೋದಳು. ಆಗ ಅವಳಿಗೆ ಏಳು ವರ್ಷ. ಅವಳಿಗೆ ಗೊತ್ತಿದ್ದದ್ದು ಒಂದೇ ರೀತಿ: ಕಟ್ಟೆ ಹತ್ತಿ ಹಗ್ಗ ಬಿಡುವುದು. ಹಾಗೇ ಮಾಡಿದಳು. ಸೇದುತ್ತಿದ್ದವರು ಕಿರುಚಿ ಕೆಳಗಿಳಿಸಿದರು. ಕೊಡವನ್ನು ಕಾಲಿನಿಂದ ನೂಕಿದರು. ಅದು ಉರುಳಿ ಕಲ್ಲಿಗೆ ಬಡಿದು ಸೀಳಿತು.

ಹುಡುಗಿ ಸೀಳಿದ ಕೊಡ ಹಿಡಿದು ಮನೆಗೆ ಬಂದು, ತಂದೆಯ ಮುಂದೆ ನಿಂತು ಕೇಳಿದಳಂತೆ: "ಯಪ್ಪಾ, ನಾ ಏನ ಮಾಡಿದ್ನಿ?"

ದ್ಯಾವಪ್ಪ ಅವಳ ಕೈಯಿಂದ ಕೊಡ ತೆಗೆದುಕೊಂಡು ಮೂಲೆಗಿಟ್ಟ. ಅಂದಿನಿಂದ ಅವನ ಮಾತು ಕಡಿಮೆಯಾಗುತ್ತ ಬಂತು. ಉಳಿದ ಹೊಲದಲ್ಲಿ ಇನ್ನೊಂದು ಬಾವಿ ತೋಡುತ್ತೇನೆಂದು ಎರಡು ಕಡೆ ಅಗೆದ. ಎರಡೂ ಕಡೆ ಒಣ ಬಂಡೆ. ಖಣಿಯ ಧೂಳು ಎದೆಯೊಳಗೆ ಕೂತಿತ್ತು; ಕೆಮ್ಮು ಹೆಚ್ಚಾಯಿತು. ಕಾಲುವೆಗೆ ನೀರು ಬಿಟ್ಟ ದಿನ ಊರೆಲ್ಲ ನೋಡಲು ಹೋದರೆ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. 1983ರಲ್ಲಿ ತೀರಿಕೊಂಡ. ಕೇಸು ಇನ್ನೂ ನಡೆಯುತ್ತಲೇ ಇತ್ತು.

ಆ ಶಿಕ್ಕಾ ನನ್ನನ್ನೂ ಬಿಡಲಿಲ್ಲ. "ಈಕೆ ತಕರಾರನ್ನೇ ಕೊಟ್ಟಿರಲಿಲ್ಲ" ಎಂದು ಇಲಾಖೆಯ ಕಡೆಯವರು ಕೋರ್ಟಿನಲ್ಲಿ ಹೇಳಿದಾಗ ಆಕೆಯ ವಕೀಲರು ಆ ಹಾಳೆಯನ್ನು ತೋರಿಸಿದರು. ಹುಕುಂ ಮೀರಿ ಅರ್ಜಿ ಸ್ವೀಕರಿಸಿದವರು ಯಾರು ಎಂದು ವಿಚಾರಣೆ ಆಯಿತು. ರುಜು ನನ್ನದು. ನನ್ನನ್ನು ಹತ್ತಿಕುಣಿ ಕೆರೆಯ ಕಡೆಗೆ ವರ್ಗ ಮಾಡಿದರು. ಹೆಂಡತಿ ಅಮೃತಮ್ಮ, "ಯಾರದೋ ಹೆಣ್ಮಗಳ ಸಲುವಾಗಿ ಇದೆಲ್ಲಾ ಬೇಕಿತ್ತಾ?" ಎಂದು ಸಿಟ್ಟಾದಳು. ಆದರೆ ರಜೆಗೆ ಊರಿಗೆ ಬಂದಾಗಲೆಲ್ಲ ಬಾಷುಮಿಯಾ ಅವರ ಮನೆಗೆ ಹೋಗಿ ಕೇಸು ಎಲ್ಲಿಗೆ ಬಂತೆಂದು ಕೇಳುವುದು ನನಗೆ ರೂಢಿಯಾಯಿತು. ಅಲ್ಲಿಯೇ ಮರಿಲಿಂಗಮ್ಮ ಆಗಾಗ ಸಿಗುತ್ತಿದ್ದಳು. ವಕೀಲರ ಮನೆಯವರು, ಕುಬ್ರಾಬೇಗಂ, ಆಕೆಗೆ ಚಹಾ ಕೊಟ್ಟು ತಮ್ಮ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ನಾನು ಇಲ್ಲಿ ಬರೆಯುತ್ತಿರುವುದರಲ್ಲಿ ಬಹುಪಾಲು ಆ ಪಡಸಾಲೆಯಲ್ಲಿ ಕೇಳಿದ್ದು.

ಕೊನೆಯ ವಾದದ ದಿನ ಆಕೆ ಬೆಂಗಳೂರಿಗೆ ಹೋಗಲೇಬೇಕೆಂದಳು. ಯಾದಗಿರಿ ಸ್ಟೇಷನ್ನಿನಿಂದ ರೈಲು ಹತ್ತಿಸಿ, ಜೊತೆಗೆ ನಾನೂ ಹೋದೆ. ಆಗ ನಾನು ಕಾಯಿಲೆಯ ರಜೆ ಬರೆದುಕೊಟ್ಟಿದ್ದೆ. ಕೋರ್ಟಿನ ಹಿಂದಿನ ಬೆಂಚಿನಲ್ಲಿ ಆಕೆ ಸೆರಗು ಹೊದ್ದು ಇಡೀ ದಿನ ಕೂತಳು. ಎಲ್ಲ ಇಂಗ್ಲಿಷು. ಹೊರಗೆ ಬಂದ ಮೇಲೆ, "ಏನರ ತಿಳೀತೇನವ್ವಾ?" ಎಂದು ಕೇಳಿದೆ.

"ನನ್ನ ಹೆಸರು ಮೂರು ಸಲ ಅಂದ್ರು. ಭಾವಿ ತೋಡಿದಾಂವನ ಹೆಸರು ಒಮ್ಮಿನೂ ಅನ್ನಲಿಲ್ಲ," ಎಂದಳು.

1987ರಲ್ಲಿ ತೀರ್ಪು ಬಂತು. ಬಾಷುಮಿಯಾ ಆಗ ಕಣ್ಣಿಗೆ ಪೊರೆ ಬಂದು ಓದಲಾರದವರಾಗಿದ್ದರು. ನಾನೇ ಓದಿದೆ, ಅವರು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದರು. ಜಮೀನು ಕಳೆದುಕೊಳ್ಳುವವರ ಮಾತು ಕೇಳಬೇಕೆಂಬುದು ಕಾಯ್ದೆಯ ಜೀವ. ಅದನ್ನು ತೆಗೆಯುವುದು ಶಾಸನ ಮಾಡುವವರ ಕೆಲಸವೇ ಹೊರತು ನಿಯಮ ಮಾಡುವವರದ್ದಲ್ಲ. ತುರ್ತೆಂಬ ಹೆಸರಿನಲ್ಲಿ, ಒಂದೊಂದು ಜಮೀನನ್ನೂ ನೋಡದೆ ಎಲ್ಲರ ಬಾಯಿಗೆ ಒಂದೇ ಬೀಗ ಹಾಕುವ ಅಧಿಕಾರವನ್ನು ಯಾರೂ ಇಲಾಖೆಗೆ ಕೊಟ್ಟಿಲ್ಲ. ಅಧಿಸೂಚನೆ ರದ್ದು.

ಕುಬ್ರಾಬೇಗಂ ಸಕ್ಕರೆ ತರಲು ಎದ್ದರು. ವಕೀಲರು ಕೈಯೆತ್ತಿ ತಡೆದರು. ಇನ್ನೂ ಒಂದು ಪುಟ ಉಳಿದಿತ್ತು.

ಕಾಲುವೆ ಮುಗಿದು ನೀರು ಹರಿಯುತ್ತಿದೆ. ಸಾವಿರಾರು ಎಕರೆ ಅದರ ಮೇಲೆ ನಿಂತಿದೆ. ಈಗ ಅದನ್ನು ಕೀಳಲಾಗದು, ಜಮೀನು ಮರಳಿಸಲಾಗದು. ಆದರೆ ಅರ್ಜಿದಾರಳ ತಕರಾರನ್ನು ಕಾಯ್ದೆಯಂತೆ ಕೂಡಿಸಿ ಕೇಳಿ, ನಿರ್ಣಯವನ್ನು ಬರಹದಲ್ಲಿ ಕೊಡತಕ್ಕದ್ದು.

"ಗೆದ್ದೇವೋ ಸೋತೇವೋ?" ಎಂದು ಮರಿಲಿಂಗಮ್ಮ ಕೇಳಿದಳು.

ಬಾಷುಮಿಯಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಗೆದ್ದಿ ಬೇಟಿ. ತಡಾ ಆಗಿ ಗೆದ್ದಿ," ಎಂದರು.

ಮರುವರ್ಷ ಬೇಸಿಗೆಯಲ್ಲಿ ಗುಡ್ಡದಾಳದ ಚಾವಡಿಯಲ್ಲಿ ವಿಚಾರಣೆ ನಡೆಯಿತು. ರಜೆ ಹಾಕಿ, ಆಕೆಯ ಜೊತೆ ನಾನೂ ಹೋಗಿದ್ದೆ. ಬಂದದ್ದು ಹೊಸ ಅಧಿಕಾರಿ, ಚಿಕ್ಕ ವಯಸ್ಸಿನವರು. ತಾವು ಕೂರುವ ಮೊದಲು ಆಕೆಗೆ ಕುರ್ಚಿ ಹಾಕಿಸಿದರು. ಆ ಚಾವಡಿಯಲ್ಲಿ ಕೇರಿಯವರು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು. ಊರ ಹಿರಿಯರು ಕಂಬಗಳಿಗೆ ಒರಗಿ ನಿಂತು ನೋಡುತ್ತಿದ್ದರು. ಮೋನಮ್ಮ ತಾಯಿಯ ಹಿಂದೆ ನಿಂತಿದ್ದಳು.

"ನಿಮ್ಮ ತಕರಾರು ಏನಮ್ಮಾ, ಹೇಳಿ," ಎಂದರು ಅಧಿಕಾರಿ.

ಹತ್ತು ವರ್ಷದಲ್ಲಿ ಆಕೆಯ ತಕರಾರು ಬಹಳ ಬೆಳೆದಿರಬಹುದೆಂದು ನಾನು ಎಣಿಸಿದ್ದೆ. ಹೋದ ಬಾವಿ, ಸತ್ತ ಗಂಡ, ಸೀಳಿದ ಕೊಡ, ಎಲ್ಲ ಬರುತ್ತವೆ ಎಂದುಕೊಂಡೆ. ಆಕೆ ಎದ್ದು ನಿಂತಳು.

"ನಮ್ಮ ಹೊಲದಾಗ ಭಾವಿ ಅದ್ರಿ. ಕಾಲುವಿ ಅದರ ಮ್ಯಾಲ ಹಾಯ್ತದ. ಮೂಡಲಕ ನಲವತ್ತು ಹೆಜ್ಜಿ ಸರದ್ರ ಸರಕಾರದ ಪಡಾ ಅದ. ಅಲ್ಲಿ ಹಾಯಿಸ್ರಿ, ಭಾವಿ ಉಳೀತದ. ಕಾಲುವಿ ಬ್ಯಾಡ ಅನ್ನಂಗಿಲ್ಲ ನಾವು."

ಅಧಿಕಾರಿ ಬರೆಯುತ್ತಿದ್ದ ಕೈ ನಿಲ್ಲಿಸಿ ನನ್ನ ಕಡೆ, ಆಮೇಲೆ ಆಕೆಯ ಕಡೆ ನೋಡಿದರು. "ಅಮ್ಮಾ, ಬಾವಿ ಈಗ..." ಎಂದು ಅಲ್ಲಿಗೇ ಬಿಟ್ಟರು. ತಲೆ ತಗ್ಗಿಸಿ, ಹೇಳಿದ್ದನ್ನೆಲ್ಲ ಬರೆದುಕೊಂಡರು. ಎದ್ದು ಸ್ಥಳಕ್ಕೆ ಹೋಗಿ ತಾವೇ ಹೆಜ್ಜೆ ಹಾಕಿ ಅಳೆದರು. ಮೂವತ್ತೆಂಟು ಬಂತು.

ಚಾವಡಿಗೆ ಮರಳಿ ಬಂದು ನಿರ್ಣಯ ಬರೆದು ಓದಿದರು. ತಕರಾರು ನ್ಯಾಯವಾದದ್ದು. ಸಕಾಲದಲ್ಲಿ ಕೇಳಿದ್ದರೆ ಕಾಲುವೆಯ ದಾರಿಯನ್ನು ಯಾವ ತೊಂದರೆಯೂ ಇಲ್ಲದೆ ಬದಲಿಸಬಹುದಿತ್ತು. ಈಗ ಅದು ಸಾಧ್ಯವಿಲ್ಲ. ಕೇರಿಯಲ್ಲಿ ಕೂಡಲೇ ಬೋರು ಹಾಕಿಸಿ ಕೈಪಂಪು ಕೂಡಿಸಲು ಶಿಫಾರಸು ಮಾಡಿದೆ.

"ಇನ್ನೊಮ್ಮಿ ಓದ್ರಿ," ಎಂದಳು ಮರಿಲಿಂಗಮ್ಮ.

ಓದಿದರು.

"ಅದರಾಗ ಒಂದು ಮಾತು ಸೇರಸ್ರಿ ಸಾಹೇಬ್ರ. ಭಾವಿ ತೋಡಿದಾಂವ ದ್ಯಾವಪ್ಪ ಅಂತ ಬರೀರಿ."

ಅದು ನಿರ್ಣಯದಲ್ಲಿ ಇರಬೇಕಾದ ಮಾತಲ್ಲ. ಅಧಿಕಾರಿ ಬರೆದರು. ಆಕೆ ಕೆಳಗೆ ಹೆಬ್ಬೆಟ್ಟು ಒತ್ತಿದಳು. ಅಲ್ಲಿಯವರೆಗೆ ಅಳದಿದ್ದವಳು ಬೆರಳಿನ ಮಸಿ ಒರೆಸಿಕೊಳ್ಳುತ್ತ ಕುರ್ಚಿಯಲ್ಲಿ ಕುಸಿದು ಅತ್ತಳು. ಮೋನಮ್ಮ ತಾಯಿಯ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಳು.

ಕೈಪಂಪು ಎರಡು ವರ್ಷಕ್ಕೆ ಬಂತು. ನೀರು ಸ್ವಲ್ಪ ಉಪ್ಪು, ಆದರೂ ನೀರು. ತಿಂಥಣಿಯ ಕಡೆ ಇನ್ನೊಂದು ಉಪಕಾಲುವೆಗೆ ಜಮೀನು ಹಿಡಿಯುವಾಗ ಜನರನ್ನು ಕೂಡಿಸಿ ಕೇಳಿದರು. ಒಂದು ಊರಿನ ಸ್ಮಶಾನ ಅದರಿಂದ ಉಳಿಯಿತು. ಅದನ್ನು ಹೇಳಲೆಂದೇ ನಾನು ಗುಡ್ಡದಾಳಕ್ಕೆ ಹೋದೆ. ಆಕೆ ತೊಗರಿ ಹಸನು ಮಾಡುತ್ತ ಕೂತಿದ್ದಳು.

"ಎಲ್ಲಾರನೂ ಕೂಡಿಸಿ ಕೇಳಿದ್ರಾ?"

"ಎಲ್ಲಾರನೂ. ನಿನ್ನ ಕೇಸಿನ ನಂಬರು ಹಚ್ಚಿ ನೋಟಿಸು ಕೊಟ್ಟಾರವ್ವಾ."

ಆಕೆ ಮೊರವನ್ನು ಒಮ್ಮೆ ಕೇರಿದಳು. "ಛಲೋ ಆತು," ಎಂದಳು. ಅದರಿಂದ ಆಕೆಗೆ ಸಂತೋಷವಾಯಿತೋ, ನೋವಾಯಿತೋ ನನಗೆ ಗೊತ್ತಾಗಲಿಲ್ಲ.

ಮರಿಲಿಂಗಮ್ಮ ತೀರಿಕೊಂಡದ್ದು 1996ರ ಶ್ರಾವಣದಲ್ಲಿ. ಸುದ್ದಿ ತಿಳಿದು ಹೋದೆ. ಆಕೆಯ ಕುಣಿಯನ್ನು ದ್ಯಾವಪ್ಪನ ಪಕ್ಕದಲ್ಲೇ ತೋಡಿದ್ದರು; ಅವನನ್ನು ಹೂಳಿದ್ದ ಹೊಲದ ತುಂಡು ಕಾಲುವೆಯ ಆಚೆ ದಡದಲ್ಲಿತ್ತು. ಅಲ್ಲಿ ದಾಟಲು ಕಾಲುಸೇತುವೆ ಇಲ್ಲ. ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಹೆಣ ಹೊತ್ತವರು ದಂಡೆಗುಂಟ ಒಂದೂವರೆ ಮೈಲು ನಡೆದು, ರಸ್ತೆಯ ಪೂಲು ದಾಟಿ, ಆಚೆ ದಂಡೆಗುಂಟ ಅಷ್ಟೇ ದೂರ ಮರಳಿ ಬರಬೇಕಾಯಿತು. ಮಳೆ ಜಿನುಗುತ್ತಿತ್ತು, ಎರೆಮಣ್ಣು ಕಾಲಿಗೆ ಮೆತ್ತುತ್ತಿತ್ತು. ಎರಡು ಕಡೆ ಇಳಿಸಿ ಹೆಗಲು ಬದಲಿಸಿದರು. ಎರಡನೆಯ ಸಲ ನಾನೂ ಹೆಗಲು ಕೊಟ್ಟೆ.